ಶವರ್ ಸೊರಗಿದೆಯೇ? ಪಂಪ್ ತರುವ ಮೊದಲು ಬಕೆಟ್ ಹಿಡಿಯಿರಿ

ಹೊಸದಾಗಿ ಮನೆ ಕಟ್ಟಿಸಿದವರು ಗೃಹಪ್ರವೇಶದ ದಿನ ಬಚ್ಚಲುಮನೆಯನ್ನೂ ಹೆಮ್ಮೆಯಿಂದ ತೋರಿಸುತ್ತಾರೆ. ಗೋಡೆ ತುಂಬ ಟೈಲ್ಸು, ಗಾಜಿನ ಬಾಗಿಲು, ತಲೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಶವರ್. ಆರು ತಿಂಗಳು ಬಿಟ್ಟು ಅದೇ ಶವರ್ ಬಗ್ಗೆ ಕೇಳಿ ನೋಡಿ. ‘ಅಂಗಡೀಲಿ ಮಳೆ ಸುರಿದ ಹಾಗೆ ಬರ್ತಿತ್ತು ಕಣ್ರೀ, ನಮ್ಮನೇಲಿ ತೊಟ್ಟಿಕ್ಕುತ್ತೆ. ಈಗ ಮತ್ತೆ ಬಕೆಟ್ಟೇ ಗತಿ’ ಅನ್ನುತ್ತಾರೆ. ಹಳೇ ಮನೆಯವರ ದೂರು ಸ್ವಲ್ಪ ಬೇರೆ. ‘ಮೊದಲು ಚೆನ್ನಾಗೇ ಬರ್ತಿತ್ತು, ಈಗೀಗ ಯಾಕೋ ಕಮ್ಮಿ ಆಗಿದೆ.’

ಎರಡೂ ದೂರಿಗೆ ಸಿಗುವ ಉತ್ತರ ಮಾತ್ರ ಒಂದೇ: ‘ಒಂದು ಪ್ರೆಷರ್ ಪಂಪ್ ಹಾಕಿಸಿಬಿಡಿ ಸಾರ್.’ ಪಂಪ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲವು ಮನೆಗಳಿಗೆ ಅದು ಬೇಕೇ ಬೇಕು. ಆದರೆ ಇವು ಎರಡು ಬೇರೆ ಬೇರೆ ಕಾಯಿಲೆ. ಒಂದರಲ್ಲಿ ನೀರಿಗೆ ಹುಟ್ಟಿನಿಂದಲೇ ಒತ್ತಡ ಇಲ್ಲ. ಇನ್ನೊಂದರಲ್ಲಿ ಒತ್ತಡ ಬೇಕಾದಷ್ಟಿದೆ, ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಎರಡನೆಯದಕ್ಕೆ ಪಂಪ್ ಹಾಕಿದರೆ ದುಡ್ಡು ದಂಡವಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಅಪಾಯವೂ ಉಂಟು. ಯಾವ ಕಾಯಿಲೆ ಎಂದು ಕಂಡುಹಿಡಿಯೋಕೆ ಬೇಕಾದದ್ದು ಒಂದು ಬಕೆಟ್, ಒಂದು ಗಡಿಯಾರ, ಅರ್ಧ ಗಂಟೆ ಬಿಡುವು. ಪ್ಲಂಬರ್ ಕೂಡ ಬೇಕಾಗಿಲ್ಲ.

ಮೊದಲು ಒತ್ತಡದ ಲೆಕ್ಕ ನೋಡೋಣ. ಹೆದರಬೇಡಿ, ಕೂಡೋದು ಕಳೆಯೋದು ಬಂದರೆ ಸಾಕು.

ನಮ್ಮ ಮನೆಗಳಲ್ಲಿ ಶವರ್‌ಗೆ ನೀರು ಬರುವುದು ತಾರಸಿಯ ಟ್ಯಾಂಕಿನಿಂದ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಒತ್ತಡ. 10 ಮೀಟರ್, ಅಂದರೆ ಸುಮಾರು 33 ಅಡಿ ಎತ್ತರದ ನೀರು 1 ಬಾರ್ ಒತ್ತಡ ಕೊಡುತ್ತದೆ. ಹಾಗಾದರೆ ಮೀಟರಿಗೆ ಒಂದು ಬಾರಿನ ಹತ್ತನೇ ಒಂದು ಭಾಗ. ಟ್ಯಾಂಕ್ 500 ಲೀಟರಿನದ್ದೋ 2000 ಲೀಟರಿನದ್ದೋ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ದೊಡ್ಡ ಟ್ಯಾಂಕ್ ಹಾಕಿಸಿದರೆ ಫೋರ್ಸ್ ಬರುತ್ತೆ’ ಎಂದು ನಂಬಿ ಹಳೇ ಟ್ಯಾಂಕ್ ಇಳಿಸಿ ಹೊಸದನ್ನು ಹತ್ತಿಸಿದವರನ್ನು ನಾನು ಕಂಡಿದ್ದೇನೆ. ಅವರಿಗೆ ಸಿಕ್ಕಿದ್ದು ಹೆಚ್ಚು ನೀರು, ಹೆಚ್ಚು ಒತ್ತಡ ಅಲ್ಲ. ಟ್ಯಾಂಕಿನೊಳಗೆ ನೀರು ಎಷ್ಟು ಮೇಲಿದೆ ಅನ್ನುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಟ್ಯಾಂಕ್ ತುಂಬಿದಾಗ ಚೆನ್ನಾಗಿ ಬರುವ ಶವರ್ ಸಂಜೆ ಹೊತ್ತಿಗೆ ಸಪ್ಪೆಯಾದರೆ ಅದಕ್ಕೆ ಕಾರಣ ಇದೇ.

ಈಗ ನಿಮ್ಮ ಮನೆಯನ್ನು ಅಳೆಯಿರಿ. ಒಂದೇ ಅಂತಸ್ತಿನ ಮನೆ, ಚಾವಣಿ 10 ಅಡಿ, ಶವರ್ ಆರೂವರೆ ಅಡಿಯಲ್ಲಿ ಅಂದುಕೊಳ್ಳಿ. ಶವರ್‌ನಿಂದ ಚಾವಣಿಗೆ ಮೂರೂವರೆ ಅಡಿ, ಸ್ಲ್ಯಾಬ್ ಅರ್ಧ ಅಡಿ, ಅದರ ಮೇಲೆ ಟ್ಯಾಂಕಿನ ಕಟ್ಟೆ 3 ಅಡಿ. ಒಟ್ಟು 7 ಅಡಿ, ಅಂದರೆ 2 ಮೀಟರಿಗೆ ಸ್ವಲ್ಪ ಜಾಸ್ತಿ. ಒತ್ತಡ 0.2 ಬಾರ್. ಈಗ ಆ ತಟ್ಟೆಯಗಲದ ಶವರ್ ಬಂದಿದ್ದ ಡಬ್ಬಿಯನ್ನು ತಿರುಗಿಸಿ ನೋಡಿ. ಅರ್ಧ ಬಾರ್, ಒಂದು ಬಾರ್ ಬೇಕು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಂಗಡಿಯಲ್ಲಿ ಅದರ ಹಿಂದೆ ಪಂಪ್ ಇರುತ್ತದೆ. ನಿಮ್ಮ ಮನೆಯಲ್ಲಿ ಇರುವುದು ಏಳಡಿ ನೀರು.

ಅದೇ ಮನೆಗೆ ಇನ್ನೊಂದು ಅಂತಸ್ತು ಕಟ್ಟಿ ಟ್ಯಾಂಕನ್ನು ಅದರ ಮೇಲಿಟ್ಟರೆ ಕೆಳಗಿನ ಬಚ್ಚಲಿಗೆ ಹತ್ತೂವರೆ ಅಡಿ ಸೇರಿಕೊಳ್ಳುತ್ತದೆ. ಒತ್ತಡ ಅರ್ಧ ಬಾರ್ ದಾಟುತ್ತದೆ. ಸಾಧಾರಣ ಶವರ್‌ಗೆ, ಹ್ಯಾಂಡ್ ಶವರ್‌ಗೆ ಧಾರಾಳ ಸಾಕು. ಹಾಗಾಗಿ ಎರಡಂತಸ್ತಿನ ಮನೆಯ ಕೆಳಗಿನ ಬಚ್ಚಲಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ಪಂಪಿನ ಮಾತು ಎತ್ತಲೇಬಾರದು. ಅಲ್ಲಿ ಏನೋ ಕಟ್ಟಿಕೊಂಡಿದೆ.

ತುಮಕೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಆಗಿದ್ದು ಇದೇ. ಚಿಕ್ಕಮ್ಮನಿಗೆ 76 ವರ್ಷ. ಹೋದ ವರ್ಷ ಬಿದ್ದು ಸೊಂಟದ ಕೀಲಿಗೆ ಆಪರೇಷನ್ ಆಯಿತು. ಬಗ್ಗಬೇಡಿ, ತಗ್ಗಿನ ಮಣೆ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಬಕೆಟ್ಟಿಗೆ ಚೊಂಬು ಅದ್ದಿ ನೀರು ಸುರಿದುಕೊಳ್ಳುವುದು ಅಲ್ಲಿಗೆ ನಿಂತಿತು. ಎತ್ತರದ ಕುರ್ಚಿ ಹಾಕಿ, ಗೋಡೆಗೆ ಹಿಡಿಕೆ ಬಡಿಸಿ, ಕೈಗೆ ಸಿಗುವ ಹಾಗೆ ಹ್ಯಾಂಡ್ ಶವರ್ ಕೂರಿಸಿದರು. ಅದರಲ್ಲಿ ಬಿಸಿನೀರು ದಾರದ ಹಾಗೆ ಬರುತ್ತಿತ್ತು. ತಣ್ಣೀರು ತಿರುಗಿಸಿದರೆ ಪೂರ್ತಿ ತಣ್ಣಗೆ, ನಿಲ್ಲಿಸಿದರೆ ತೊಟ್ಟು ತೊಟ್ಟು. ಸೊಸೆ ‘ನಾನು ನೀರು ಹಾಕ್ತೀನಿ ಅತ್ತೆ’ ಅಂದರೆ ಚಿಕ್ಕಮ್ಮನಿಗೆ ಸಂಕೋಚ. ದಿನವೂ ತಲೆಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಸ್ನಾನ ಮುಗಿಸಿರುತ್ತಿದ್ದ ಹೆಂಗಸು, ‘ಇವತ್ತು ಚಳಿ, ನಾಳೆ ಮಾಡ್ತೀನಿ’ ಅನ್ನತೊಡಗಿದರು. ಮೂರು ದಿನಕ್ಕೊಮ್ಮೆ ಆಯಿತು. ಪೂಜೆಗೆ ಕೂರುವುದೂ ತಪ್ಪಿತು.

ಮಗ ಫೋನ್ ಮಾಡಿದ್ದ. ‘ಅಕ್ಕಾ, ಪಂಪ್ ಹಾಕಿಸ್ತಾ ಇದೀನಿ. ಫಿಟಿಂಗ್ ಸೇರಿ 14 ಸಾವಿರ ಅಂತಿದಾರೆ. ಯಾವ ಕಂಪನಿದು ಒಳ್ಳೇದು?’

‘ಕಂಪನಿ ಆಮೇಲೆ ನೋಡೋಣ, ಟ್ಯಾಂಕ್ ಎಲ್ಲಿದೆ?’ ಅಂದೆ. ಮೇಲಂತಸ್ತಿನ ತಾರಸಿಯಲ್ಲಿ. ಚಿಕ್ಕಮ್ಮನ ಬಚ್ಚಲು ಕೆಳಗೆ. ಅಂದರೆ ಹದಿನೇಳೂವರೆ ಅಡಿ. ಒತ್ತಡ ಇದೆ. ಭಾನುವಾರ ಬರ್ತೀನಿ, ಅಲ್ಲೀವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ ಅಂದೆ.

ಬಕೆಟ್ ಪರೀಕ್ಷೆ ಹೀಗೆ. ಬಕೆಟ್ಟಿಗೆ ಲೀಟರ್ ಗೆರೆ ಇಲ್ಲದಿದ್ದರೆ ಒಂದು ಲೀಟರಿನ ಬಾಟಲಿಯಿಂದ ಹತ್ತು ಸಲ ನೀರು ಹಾಕಿ, ಒಳಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಟ್ಯಾಂಕ್ ತುಂಬಿರಲಿ, ಮನೆಯ ಮಿಕ್ಕ ನಲ್ಲಿಗಳೆಲ್ಲ ಬಂದ್ ಆಗಿರಲಿ. ಮೊದಲು ಶವರ್ ಬಿಟ್ಟು 10 ಲೀಟರ್ ತುಂಬಲು ಎಷ್ಟು ಹೊತ್ತು ಎಂದು ನೋಡಿ. ಆಮೇಲೆ ಶವರ್‌ನ ತಲೆ ಬಿಚ್ಚಿ, ಬರೀ ಪೈಪಿನಿಂದ ಇನ್ನೊಮ್ಮೆ. ಮೂರನೆಯದು ಕೆಳಗಿನ ನಲ್ಲಿಯಲ್ಲಿ ತಣ್ಣೀರು ಮಾತ್ರ. ನಾಲ್ಕನೆಯದು ಬಿಸಿನೀರು ಮಾತ್ರ. ನಾಲ್ಕೂ ಬರೆದಿಟ್ಟುಕೊಳ್ಳಿ. ನನ್ನ ಅಂದಾಜಿನಲ್ಲಿ ನಿಮಿಷಕ್ಕೆ 5ರಿಂದ 6 ಲೀಟರ್ ಬಂದರೆ ಹ್ಯಾಂಡ್ ಶವರ್ ಸ್ನಾನ ಆರಾಮ. 7ರಿಂದ 9 ಬಂದರೆ ಸಾಧಾರಣ ಶವರ್ ಚೆನ್ನಾಗಿಯೇ ಇದೆ ಎಂದು ಅರ್ಥ.

ತಲೆ ಬಿಚ್ಚಿದ ಕೂಡಲೇ ನೀರು ಜೋರಾದರೆ ನಿಮ್ಮ ಅದೃಷ್ಟ, ಕೆಲಸ ಅಲ್ಲಿಗೇ ಮುಗಿಯಿತು. ಬೋರ್‌ವೆಲ್ ನೀರಿನ ಊರುಗಳಲ್ಲಿ ಶವರ್‌ನ ತೂತುಗಳಿಗೆ ಬಿಳಿ ಉಪ್ಪು ಕಟ್ಟುವುದು ತಪ್ಪಿದ್ದಲ್ಲ. ಅದು ನಾವು ಸಾರಿಗೆ ಹಾಕುವ ಉಪ್ಪಲ್ಲ, ಸುಣ್ಣದ ಜಾತಿಯದ್ದು. ಹುಳಿಗೆ ಕರಗುತ್ತದೆ. ಬಿಸಿನೀರಿಗೆ ಅರ್ಧದಷ್ಟು ವಿನೆಗರ್ ಬೆರೆಸಿ ಒಂದೆರಡು ಗಂಟೆ ಮುಳುಗಿಸಿಡಿ. ವಿನೆಗರ್ ಇಲ್ಲದಿದ್ದರೆ ನಿಂಬೆರಸ, ಗಟ್ಟಿ ಹುಣಸೆಹುಳಿಯೂ ಆಗುತ್ತದೆ. ರಾತ್ರಿಯಿಡೀ ನೆನೆಸಬೇಡಿ, ಮೇಲಿನ ಹೊಳಪು ಹೋಗುತ್ತದೆ. ರಬ್ಬರ್ ಮೂತಿಯ ಶವರ್ ಆದರೆ ಹೆಬ್ಬೆರಳಲ್ಲಿ ಉಜ್ಜಿದರೇ ಉದುರುತ್ತದೆ. ಪಿನ್ನು, ಸೂಜಿ ತೂರಿಸಿ ತೂತು ದೊಡ್ಡದು ಮಾಡಬೇಡಿ, ಆಮೇಲೆ ನೀರು ದಿಕ್ಕಿಗೊಂದು ಹಾರುತ್ತದೆ. ತಲೆಯನ್ನು ತಿರುಗಿಸಿ ಕೂರಿಸುವ ಕಡೆ ವಾಷರ್ ಜೊತೆ ಒಂದು ಸಣ್ಣ ಜಾಲರಿ ಇರುತ್ತದೆ. ಟ್ಯಾಂಕ್ ತೊಳೆಸಿದ ವಾರದಲ್ಲಿ ಶವರ್ ಸಣ್ಣಗಾದರೆ ಮೊದಲು ಈ ಜಾಲರಿ ನೋಡಿ, ಮರಳು ಕೂತಿರುತ್ತದೆ.

ಅಲ್ಲೇ ನಡುವೆ ಸಣ್ಣ ತೂತಿನ ಒಂದು ಪ್ಲಾಸ್ಟಿಕ್ ಬಿಲ್ಲೆಯೂ ಇರಬಹುದು. ಅದು ಕಸವಲ್ಲ. ನೀರು ಕಡಿಮೆ ಖರ್ಚಾಗಲಿ ಎಂದೇ ಹಾಕಿದ್ದು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲು, ಮಾಲುಗಳ ನಲ್ಲಿಗೆ ಏರೇಟರ್ ಕಡ್ಡಾಯ ಮಾಡಿದ್ದು ನೆನಪಿರಬೇಕು. ಇದೂ ಅದರ ದಾಯಾದಿಯೇ. ಪಂಪಿನಿಂದ ನೀರು ಬರುವ ಕಡೆ ಇದು ಇರಲೇಬೇಕು. ಏಳಡಿ ಒತ್ತಡದ ಮನೆಯಲ್ಲಿ ಮಾತ್ರ ಇದನ್ನು ತೆಗೆದಿಟ್ಟರೆ ತಪ್ಪೇನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಉಳಿಸಲು ನೀರೇ ಇಲ್ಲ.

ಮನೆಯ ಎಲ್ಲ ನಲ್ಲಿಗಳೂ ಸೊರಗಿದ್ದರೆ ತಾರಸಿ ಹತ್ತಿ. ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿಗೆ ಗೇಟ್ ವಾಲ್ವ್ ಇರುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವ್ ತಿರುಗಿಸಿದಾಗ ಒಳಗಿನ ಹಲಗೆ ಕಳಚಿಕೊಂಡು ಕೆಳಗೇ ಕೂತುಬಿಡುತ್ತದೆ. ಮೇಲಿನ ಚಕ್ರ ಸಲೀಸಾಗಿ ತಿರುಗುತ್ತದೆ, ಪೂರ್ತಿ ತೆರೆದಿದೆ ಎಂದೇ ಅನ್ನಿಸುತ್ತದೆ, ಒಳಗೆ ದಾರಿ ಮುಕ್ಕಾಲು ಮುಚ್ಚಿರುತ್ತದೆ. ಇದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಇನ್ನೊಂದು, ಗಾಳಿ. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನ ಏರುತಗ್ಗಿನಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ. ನಲ್ಲಿ ಬಿಟ್ಟರೆ ಕೆಮ್ಮಿದ ಹಾಗೆ ಸದ್ದು ಮಾಡಿ ಬರುತ್ತದೆ, ನಿಲ್ಲುತ್ತದೆ. ಮನೆಯ ಅತಿ ಕೆಳಗಿನ ನಲ್ಲಿಗಳನ್ನು ಪೂರ್ತಿ ತೆರೆದು ಹತ್ತು ನಿಮಿಷ ಬಿಟ್ಟರೆ ಸಾಮಾನ್ಯವಾಗಿ ಹೊರಟುಹೋಗುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಟ್ಯಾಂಕಿನ ಪಕ್ಕ ಪೈಪಿಗೆ ಗಾಳಿಕೊಳವೆ ಇದೆಯೇ ಎಂದು ನೋಡಿಸಿ. ಟ್ಯಾಂಕಿಗಿಂತ ಎತ್ತರಕ್ಕೆ ನಿಂತ, ಬಾಯಿ ತೆರೆದ ಪೈಪ್ ಅದು. ಎಷ್ಟೋ ಮನೆಗಳಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ.

ಚಿಕ್ಕಮ್ಮನ ಬಚ್ಚಲಿನ ಅಂಕಿಗಳು ಹೀಗಿದ್ದವು. ಹ್ಯಾಂಡ್ ಶವರ್ ತಲೆ ಇದ್ದರೂ ಬಿಚ್ಚಿದರೂ ಹೆಚ್ಚು ಕಡಿಮೆ ಅಷ್ಟೇ. ತಣ್ಣೀರು ನಲ್ಲಿಯಲ್ಲಿ 10 ಲೀಟರಿಗೆ 50 ಸೆಕೆಂಡ್. ಬಿಸಿನೀರಿನಲ್ಲಿ ಅದೇ 10 ಲೀಟರಿಗೆ 4 ನಿಮಿಷ. ನೋಡಿ, ಟ್ಯಾಂಕಿನ ತಪ್ಪಲ್ಲ, ಮುಖ್ಯ ಪೈಪಿನ ತಪ್ಪಲ್ಲ, ಶವರ್ ತಪ್ಪೂ ಅಲ್ಲ. ಗೀಸರ್‌ನ ಆಚೆ ಈಚೆ ಎಲ್ಲೋ ಇದೆ. ತಮ್ಮ ಆ ಚೀಟಿ ಕೈಲಿ ಹಿಡಿದುಕೊಂಡು, ‘ಅಲ್ಲಕ್ಕಾ, ಪಂಪ್ ಹಾಕಿದ್ರೆ ಇದೂ ತಳ್ಳಿಕೊಂಡು ಬರ್ತಿತ್ತಲ್ವಾ?’ ಅಂದ. ಕೇಳಬೇಕಾದ ಪ್ರಶ್ನೆಯೇ. ಪಂಪ್ ತಳ್ಳುವುದು ಎರಡೂ ಕಡೆ. ತಣ್ಣೀರಿನ ದಾರಿ ಸಲೀಸು, ಬಿಸಿನೀರಿನ ದಾರಿ ಕಟ್ಟಿದೆ. ಮಿಕ್ಸರ್‌ನಲ್ಲಿ ತಣ್ಣೀರು ನುಗ್ಗಿ ಬಿಸಿನೀರನ್ನು ಹಿಂದಕ್ಕೆ ಒತ್ತುತ್ತದೆ. 14 ಸಾವಿರ ಕೊಟ್ಟು ಚಿಕ್ಕಮ್ಮನ ಮೈಮೇಲೆ ತಣ್ಣೀರು ಜೋರಾಗಿ ಸುರಿಸಿದ ಹಾಗೆ ಆಗುತ್ತಿತ್ತು.

ಗಡಸು ನೀರಿನಲ್ಲಿರುವ ಸುಣ್ಣ ತಣ್ಣಗಿರುವಾಗ ಕರಗಿಕೊಂಡೇ ಇರುತ್ತದೆ. ಕಾಯಿಸಿದಾಗ ಬೇರೆಯಾಗಿ ತಳ ಹಿಡಿಯುತ್ತದೆ. ಬಚ್ಚಲ ಹಂಡೆಯ ಒಳಗೆ ಬಿಳೀ ಪದರ ಕಟ್ಟುತ್ತಿದ್ದದ್ದು, ಕಾಫಿಗೆ ನೀರು ಕಾಯಿಸುವ ಪಾತ್ರೆಯಲ್ಲಿ ಈಗಲೂ ಕಟ್ಟುವುದು ಇದೇ. ಅದಕ್ಕೇ ಬಿಸಿನೀರಿನ ಕಡೆಯೇ ಮೊದಲು ಸೊರಗುವುದು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದ ಕಡೆ 600ರವರೆಗೆ ಆಗಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಬೋರ್‌ವೆಲ್ ನೀರಿನ ಎಷ್ಟೋ ಮನೆಗಳಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ ಎಂದು ಹೆಂಗಸರು ಹೇಳಿದಾಗಲೇ ಗೊತ್ತಾಗಿಬಿಡುತ್ತದೆ, ಪರೀಕ್ಷೆ ಮಾಡಿಸಬೇಕಾಗಿಲ್ಲ.

ಗೀಸರ್ ಮುಟ್ಟುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಮೇನ್ ಬೋರ್ಡಿನಲ್ಲಿ ಅದರ ಎಂಸಿಬಿಯನ್ನೂ ಇಳಿಸಬೇಕು. ನೀರು ಪೂರ್ತಿ ತಣ್ಣಗಾಗಿರಬೇಕು. ಇಲ್ಲಿಂದ ಮುಂದಿನದು ಪ್ಲಂಬರ್ ಕೆಲಸ. ನಾವು ಪಕ್ಕದಲ್ಲಿ ನಿಂತು ನೋಡಿದರೆ ಸಾಕು. ಗೀಸರ್‌ಗೆ ಹೋಗುವ ತಣ್ಣೀರಿನ ಪೈಪ್ ಬಿಚ್ಚಿ ಬಕೆಟ್ಟಿಗೆ ಹಿಡಿದಾಗ ಭರ್ರನೆ ಬಂತು. ಹಾಗಾದರೆ ಅಲ್ಲಿವರೆಗೆ ದಾರಿ ಸರಿಯಿದೆ. ಬಿಸಿನೀರು ಹೊರಬರುವ ಕಡೆಯ ನಿಪ್ಪಲ್ ಬಿಚ್ಚಿದರು. ಅರ್ಧ ಇಂಚಿನ ಬಾಯಿಯಲ್ಲಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಗೀಸರ್‌ನ ಹೊಟ್ಟೆಯಿಂದ ಮೊಟ್ಟೆ ಚಿಪ್ಪಿನಂಥ ಬಿಳೀ ಚೂರುಗಳು ಮೊರದ ತುಂಬ ಬಂದವು.

ಇದಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಇನ್ನೊಂದು. ತಣ್ಣೀರು ಒಳಹೋಗುವ ಬಾಯಿಯಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಮೂತಿ, ಗೀಸರ್ ಕಾಯುವಾಗ ಅದರಿಂದ ತೊಟ್ಟು ತೊಟ್ಟು ನೀರು ಬೀಳುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಆ ಮೂತಿಗೆ ಯಾರೋ ಡಮ್ಮಿ ಹಾಕಿ ಬಂದ್ ಮಾಡಿದ್ದರು. ‘ಸೋರ್ತಾ ಇತ್ತು, ನೀರು ವೇಸ್ಟ್ ಆಗುತ್ತೆ, ಫೋರ್ಸ್ ಕೂಡ ಕಮ್ಮಿ ಆಗುತ್ತೆ ಅಂತ ಹಾಕಿಸಿದ್ವಿ’ ಅಂದರು ಮನೆಯವರು.

ಅದು ಸೋರಿಕೆಯಲ್ಲ. ನೀರು ಕಾದಾಗ ಹಿಗ್ಗುತ್ತದೆ. 15 ಲೀಟರ್ ಗೀಸರ್‌ನಲ್ಲಿ 25 ಡಿಗ್ರಿಯ ನೀರು 60 ಡಿಗ್ರಿಗೆ ಹೋದರೆ ಸುಮಾರು 200 ಮಿಲಿಲೀಟರ್, ಒಂದು ಲೋಟದಷ್ಟು ಹೆಚ್ಚಾಗುತ್ತದೆ. ಆ ವಾಲ್ವ್ ನೀರನ್ನು ಹಿಂದಕ್ಕೆ ಬಿಡುವುದಿಲ್ಲ. ಮುಂದಿನ ನಲ್ಲಿಗಳು ಮುಚ್ಚಿವೆ. ಆ ಒಂದು ಲೋಟ ನೀರು ಹೋಗಬೇಕಾದದ್ದು ಆ ಮೂತಿಯಿಂದಲೇ. ಅದನ್ನು ಮುಚ್ಚಿದರೆ ಒತ್ತಡ ಗೀಸರ್‌ನ ಹೊಟ್ಟೆಯ ಮೇಲೆ ಬೀಳುತ್ತದೆ. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯತೊಡಗಿದರೆ ಗೀಸರ್ ಒಡೆಯುತ್ತದೆ. ಕುಕ್ಕರ್‌ನ ವೆಯ್ಟ್‌ಗೂ ಸೇಫ್ಟಿ ವಾಲ್ವ್‌ಗೂ ಅಂಟು ಹಾಕಿ ಒಲೆಯ ಮೇಲಿಟ್ಟ ಹಾಗೆ. ಅದರ ಕೆಳಗೇ ಚಿಕ್ಕಮ್ಮ ಕುರ್ಚಿ ಹಾಕಿಕೊಂಡು ಕೂರುತ್ತಿದ್ದದ್ದು. ಇದಕ್ಕೆ ಪಂಪಿನ ಒತ್ತಡವನ್ನೂ ಸೇರಿಸಲು ಹೊರಟಿದ್ದರು.

ವಾಲ್ವ್ ಹೊಸದು, ಎರಡೂ ಕಡೆ ಹೊಸ ನಿಪ್ಪಲ್, ಹೊಸ ಕನೆಕ್ಷನ್ ಪೈಪ್, ಗೀಸರ್ ತೊಳೆದ ಕೂಲಿ, ಎಲ್ಲ ಸೇರಿ 1,900 ರೂಪಾಯಿ ಆಯಿತು. ಸೋರುವ ಮೂತಿಗೆ ಒಂದು ತೆಳು ಟ್ಯೂಬ್ ಸಿಕ್ಕಿಸಿ ನೆಲದ ಜಾಲರಿಗೆ ಬಿಟ್ಟರು. ಬಿಸಿನೀರು 10 ಲೀಟರಿಗೆ 1 ನಿಮಿಷ 10 ಸೆಕೆಂಡಿಗೆ ಇಳಿಯಿತು. ಸಂಜೆಯೇ ಚಿಕ್ಕಮ್ಮ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಮುಕ್ಕಾಲು ಗಂಟೆ ಬರಲೇ ಇಲ್ಲ. ಸೊಸೆ ಗಾಬರಿಯಾಗಿ ಬಾಗಿಲು ತಟ್ಟಿದರೆ ಒಳಗಿನಿಂದ, ‘ಬದುಕಿದೀನಿ ಕಣೇ, ತಲೆಗೂ ಹಾಕ್ಕೋತಿದೀನಿ, ಕಾಫಿಗಿಡು!’

ಅದೇ ಮನೆಯ ಮೇಲಿನ ಬಚ್ಚಲಿನ ಕಥೆ ಬೇರೆ. ಅಲ್ಲಿ ತಮ್ಮ ಎರಡು ವರ್ಷದ ಹಿಂದೆ 8 ಇಂಚಿನ ರೇನ್ ಶವರ್ ಹಾಕಿಸಿದ್ದ. ತಣ್ಣೀರು, ಬಿಸಿನೀರು ಎರಡೂ ಸಮ, ಕಸ ಇಲ್ಲ, ಉಪ್ಪಿಲ್ಲ, ಆದರೂ ನಿಮಿಷಕ್ಕೆ ನಾಲ್ಕೇ ಲೀಟರ್. ಅಲ್ಲಿಗೆ ಸಿಗುವುದು ಏಳಡಿ. ಇದು ಹುಟ್ಟಿನ ಕಾಯಿಲೆ. ಇಂಥ ಕಡೆ ಪಂಪಿಗೆ ಮೊದಲು ಮೂರು ದಾರಿ ಉಂಟು. ಅಗಲದ ತಲೆ ತೆಗೆದು ಮೂರಿಂಚಿನ ಸಾದಾ ಶವರ್ ಹಾಕುವುದು, ಇದ್ದ ನೀರೇ ಒಟ್ಟಾಗಿ ಬೀಳುತ್ತದೆ. ಟ್ಯಾಂಕಿನಿಂದ ಬಚ್ಚಲಿಗೆ ಬರುವ ಪೈಪ್ ಅರ್ಧ ಇಂಚಿನದ್ದಾಗಿದ್ದರೆ ಮುಕ್ಕಾಲು ಅಥವಾ ಒಂದು ಇಂಚು ಮಾಡಿಸುವುದು. ಅಷ್ಟೇ ನೀರು ಹರಿಯುವಾಗ ಅರ್ಧ ಇಂಚಿನ ಪೈಪ್ ನುಂಗುವ ಒತ್ತಡ ಮುಕ್ಕಾಲು ಇಂಚಿನದ್ದಕ್ಕಿಂತ ಸುಮಾರು ಏಳು ಪಟ್ಟು. ಹೊಸ ಮನೆ ಕಟ್ಟಿಸುತ್ತಿರುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು, ಗೋಡೆ ಒಡೆಸುವುದು ತಪ್ಪುತ್ತದೆ. ಮೂರನೆಯದು, ಟ್ಯಾಂಕನ್ನು ಇನ್ನೂ ನಾಲ್ಕೈದು ಅಡಿ ಎತ್ತರಿಸುವುದು. ಆದರೆ 1000 ಲೀಟರ್ ನೀರೆಂದರೆ ಒಂದು ಟನ್ ಭಾರ. ಎಂಜಿನಿಯರ್ ಕೇಳದೆ ಇಟ್ಟಿಗೆ ಕಂಬ ಕಟ್ಟಿ ನಿಲ್ಲಿಸಬೇಡಿ.

ಇಷ್ಟಾದರೂ ಮಳೆಯೇ ಬೇಕು ಅನ್ನುವವರಿಗೆ ಪಂಪ್. ಬ್ರಿಟನ್ನಿನ ಹಳೇ ಮನೆಗಳಲ್ಲೂ ನಮ್ಮ ಹಾಗೇ ಅಟ್ಟದ ಮೇಲೊಂದು ತೊಟ್ಟಿ ಇಟ್ಟು ಅದರಿಂದ ನೀರು ಇಳಿಸುತ್ತಾರೆ. ಅಲ್ಲೂ ಶವರ್ ಸಪ್ಪೆಯೇ. ಅದಕ್ಕೆಂದು ಗೋಡೆಯ ಡಬ್ಬಿಯೊಳಗೇ ಪಂಪ್ ಕೂರಿಸಿದ ‘ಪವರ್ ಶವರ್’ ಮಾರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಟ್ಯಾಂಕಿನ ಬುಡದಲ್ಲೇ ಪಂಪ್ ಕೂರಿಸುತ್ತಾರೆ. ಅದೇ ಒಳ್ಳೆಯದು. ಅಲ್ಲಿಂದ ತಣ್ಣೀರಿಗೂ ಗೀಸರ್‌ಗೂ ಒಂದೇ ಒತ್ತಡ ಹೋಗುತ್ತದೆ, ಮಿಕ್ಸರ್‌ನಲ್ಲಿ ಜಗಳವಿಲ್ಲ. ಗೀಸರ್ ಎಷ್ಟು ಬಾರ್ ತಡೆಯುತ್ತದೆ ಎಂದು ಅದರ ಮೈಮೇಲಿನ ಚೀಟಿಯಲ್ಲಿ ಬರೆದಿರುತ್ತದೆ, ಪಂಪ್ ತರುವ ಮುನ್ನ ಓದಿ.

ಪಂಪ್ ಹಾಕಿಸಿಯೂ ಶವರ್ ಸಪ್ಪೆ ಅನ್ನುವವರು ಮೂರು ಜಾಗ ನೋಡಬೇಕು. ಒಂದು, ಪಂಪ್ ಚಾಲೂ ಆಗುತ್ತಿದೆಯೇ? ಕೆಲವು ಪಂಪುಗಳು ಪೈಪಿನಲ್ಲಿ ನೀರು ಇಷ್ಟು ಹರಿದರೆ ಮಾತ್ರ ತಾವಾಗಿ ಎದ್ದೇಳುತ್ತವೆ. ಶವರ್ ಟ್ಯಾಂಕಿಗೆ ತೀರ ಸಮೀಪದ ಎತ್ತರದಲ್ಲಿದ್ದರೆ ಅಷ್ಟೂ ಹರಿಯುವುದಿಲ್ಲ, ಪಂಪ್ ಮಲಗಿಯೇ ಇರುತ್ತದೆ. ಕೆಳಗಿನ ನಲ್ಲಿ ಬಿಟ್ಟಾಗ ಎದ್ದು, ಶವರ್ ಬಿಟ್ಟಾಗ ಏಳದಿದ್ದರೆ ಇದೇ ಕಾರಣ. ಎರಡು, ಕರೆಂಟ್ ಹೋದಾಗ ನೀರು ಬರಲಿ ಎಂದು ಪಕ್ಕದಲ್ಲೊಂದು ಬೈಪಾಸ್ ಪೈಪ್ ಕೊಟ್ಟಿರುತ್ತಾರೆ. ಅದರ ವಾಲ್ವ್ ತೆರೆದೇ ಇದ್ದರೆ ಪಂಪ್ ತಳ್ಳಿದ ನೀರು ಅದರಿಂದಲೇ ಹಿಂದಕ್ಕೆ ಬಂದು ಸುತ್ತು ಹೊಡೆಯುತ್ತಿರುತ್ತದೆ. ಸದ್ದು ಜೋರು, ನೀರು ಅಷ್ಟೇ. ಅಲ್ಲಿ ನೀರು ಹಿಂದಕ್ಕೆ ಬಾರದಂಥ ವಾಲ್ವ್ ಹಾಕಿಸಿದರೆ ಮತ್ತೆ ಮತ್ತೆ ತಿರುಗಿಸುವ ಕೆಲಸ ಇರುವುದಿಲ್ಲ. ಮೂರು, ಪಂಪಿನ ಬಾಯಿಯ ಜಾಲರಿ. ವರ್ಷಕ್ಕೆರಡು ಸಲ ತೊಳೆಯಬೇಕು.

ಸೋಲಾರ್ ಇರುವ ಮನೆಯವರು ಇನ್ನೂ ಒಂದು ಹೆಜ್ಜೆ ಎಚ್ಚರವಿರಬೇಕು. ನಮ್ಮ ತಾರಸಿಗಳ ಸೋಲಾರ್ ಟ್ಯಾಂಕುಗಳು ಬಹುಪಾಲು ಒತ್ತಡ ತಡೆಯುವ ಜಾತಿಯವಲ್ಲ. ಮೇಲೆ ಬಾಯಿ ತೆರೆದ ಗಾಳಿಕೊಳವೆ ಇರುತ್ತದೆ. ತಣ್ಣೀರಿಗೆ ಮಾತ್ರ ಪಂಪ್ ಕೊಟ್ಟರೆ ಮಿಕ್ಸರ್ ಮೂಲಕ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ, ಸೋಲಾರ್ ಟ್ಯಾಂಕ್ ಸೇರಿ, ಆ ಕೊಳವೆಯಿಂದ ತಾರಸಿಗೆ ಸುರಿಯುತ್ತದೆ. ಸ್ನಾನ ಮಾಡುವವರಿಗೆ ‘ಸೋಲಾರ್ ಕೆಟ್ಟಿದೆ’ ಅನ್ನಿಸುತ್ತದೆ. ಬಿಸಿನೀರಿನ ಪೈಪಿಗೂ ಬಿಸಿನೀರಿಗೆಂದೇ ಮಾಡಿದ ಪಂಪ್ ಹಾಕಿಸಿ ಎರಡನ್ನೂ ಸಮ ಮಾಡಬೇಕು. ಇಲ್ಲವೇ ಎರಡೂ ಪಂಪಿಲ್ಲದೆ ಇರಲಿ. ಒಂದಕ್ಕಿದ್ದು ಒಂದಕ್ಕಿಲ್ಲದಿರುವುದು ಬೇಡ.

ನೀರಿನ ಖರ್ಚೂ ಹೇಳಿಬಿಡುತ್ತೇನೆ. ಒತ್ತಡ ನಾಲ್ಕು ಪಟ್ಟಾದರೆ ಹರಿಯುವ ನೀರು ಎರಡು ಪಟ್ಟು. ನಿಮಿಷಕ್ಕೆ 6 ಲೀಟರ್ ಬರುತ್ತಿದ್ದ ಶವರ್ 12 ಕೊಟ್ಟರೆ ಹತ್ತು ನಿಮಿಷದ ಸ್ನಾನಕ್ಕೆ 120 ಲೀಟರ್. ಒಂದು ಬಕೆಟ್ ಸ್ನಾನಕ್ಕೆ 20. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಟ್ಯಾಂಕರ್‌ನವರ ನಂಬರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ತಮ್ಮ ಸದ್ಯಕ್ಕೆ ಮೂರಿಂಚಿನ ಶವರ್ ಹಾಕಿಸಿಕೊಂಡಿದ್ದಾನೆ. ಆ ದೊಡ್ಡ ತಟ್ಟೆ ಅಟ್ಟ ಸೇರಿದೆ.

ಇನ್ನು ಬೀದಿಯ ನಲ್ಲಿ ಪೈಪಿಗೇ ಮೋಟಾರ್ ಜೋಡಿಸಿ ಎಳೆಯುವ ಉಪಾಯ. ಇದನ್ನು ಹೇಳಿಕೊಡುವವರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೆ ದಂಡ ಹಾಕಿ ಮೋಟಾರ್ ಜಪ್ತಿ ಮಾಡುತ್ತಾರೆ. ಕಾನೂನು ಪಕ್ಕಕ್ಕಿರಲಿ, ಮೋಟಾರ್ ಎಳೆದಾಗ ಪೈಪಿನಲ್ಲಿ ಒತ್ತಡದ ಬದಲು ಹೀರುವಿಕೆ ಹುಟ್ಟುತ್ತದೆ. ಪೈಪ್ ಬಿರುಕು ಬಿಟ್ಟ ಕಡೆ ಪಕ್ಕದ ಚರಂಡಿ ನೀರೂ ಒಳಗೆ ಬರುತ್ತದೆ. ನಿಮ್ಮ ಸಂಪಿಗೂ, ಬೀದಿ ಕೊನೆಯ ಮನೆಯವರ ಬಿಂದಿಗೆಗೂ ಅದೇ. ಸಂಪಿಗೆ ನೀರು ಬರುವುದೇ ಕಡಿಮೆ ಇದ್ದರೆ ಎಷ್ಟು ಹೊತ್ತಿಗೆ ಎಷ್ಟು ಲೀಟರ್ ಎಂದು ಇದೇ ಬಕೆಟ್ಟಿನಲ್ಲಿ ಅಳೆದು ಬರೆದಿಟ್ಟು ದೂರು ಕೊಡಿ. ಬೆಂಗಳೂರಿನಲ್ಲಿ ಜಲಮಂಡಳಿಯ ಸಹಾಯವಾಣಿ 1916. ಬೇರೆ ಊರುಗಳಲ್ಲಿ ನಗರಸಭೆಯ ನೀರು ಸರಬರಾಜು ವಿಭಾಗ.